ಹಿಮ್ಮಡಿ ಇಲ್ಲದ ಹೆಜ್ಜೆಗಳು

ಹೋದ ವಾರ ನಮ್ಮ ಮನೆಗೆ ಸುಣ್ಣ ಹಚ್ಚುವ ಕೆಲಸ ನಡೆದಿತ್ತು. ಸುಣ್ಣ ಹಚ್ಚುವ ದಿನ ಗಂಡಸಿಗೆ ಮನೆಯೊಳಗೆ ಜಾಗವಿರುವುದಿಲ್ಲ. ಇದು ನಿಮಗೂ ಗೊತ್ತಿರಬೇಕು. ಮಗ್ಗದ ಮೇಲೆ ಹಳೆಯ ಜಮಖಾನೆ ಹೊದಿಸಿ ನಾನು ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆ. ಒಳಗೆ ಸೊಸೆ ಚಿಂದಿಗಾಗಿ ಹಳೆಯ ಪೆಟ್ಟಿಗೆಯನ್ನು ತಲೆಕೆಳಗು ಮಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಉದ್ದನೆಯದೊಂದು ಬಟ್ಟೆ ಹಿಡಿದು ಬಾಗಿಲಿಗೆ ಬಂದಳು.

"ಮಾವಾರ, ಇದನ್ನ ಹರದು ಸುಣ್ಣದ ಬಟ್ಟಿ ಮಾಡ್ಲೇನ್ರಿ?"

ನಾನು ಉತ್ತರ ಕೊಡುವುದರೊಳಗೆ ಅವಳೇ ಅದನ್ನು ಬಿಸಿಲಿಗೆ ಬಿಚ್ಚಿ ಹಿಡಿದಳು. ಎಂಟು ಮೊಳದ ಬಿಳಿ ಬಟ್ಟೆ. ಈಗ ಬಿಳಿ ಹೋಗಿ ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿದೆ. ಅದರ ಮೇಲೆ ಕೆಂಪು ಹೆಜ್ಜೆಗಳು, ಎರಡು ಸಾಲು. ಸೊಸೆ ಬಗ್ಗಿ ನೋಡಿ, "ಇಬ್ಬರು ಹೆಣ್ಣಮಕ್ಕಳು ಜೋಡೀಲೆ ನಡದಾರಲ್ರಿ ಇದರ ಮ್ಯಾಲ! ಈ ಕಡಿಯಾಕಿಗೆ ನೋಡ್ರಿ, ಎಡಗಾಲಿಗೆ ಹಿಮ್ಮಡನ ಇಲ್ಲ," ಎಂದಳು.

"ಇಬ್ಬರಲ್ಲವ್ವಾ, ಒಬ್ಬಾಕಿನ," ಎಂದು ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡೆ. ಸುಣ್ಣದವನು ಒಳಗಿನಿಂದ ಎರಡು ಸಲ ಕೂಗಿದ. ಕೂಗಲಿ ಬಿಡಿ, ಸುಣ್ಣವೇನು ಓಡಿಹೋಗುವುದಿಲ್ಲ.

ಮೊದಲು ಬಟ್ಟೆಯ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ನೇಯ್ದ ಮಹಾಪುರುಷ ನಾನೇ. ಕನ್ನಡ ಸಾಲೆಯ ಎರಡನೆಯ ಇಯತ್ತೆಯಲ್ಲಿದ್ದಾಗ ನಮ್ಮಪ್ಪನಿಗೆ ಎದೆಯ ಬೇನೆ ಹತ್ತಿತು. ಇಳಕಲ್ಲಿನಲ್ಲಿ ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ ಬರಿದಾಗಿರುವುದೆಂದರೆ ಮನೆಗೆ ಬಾಗಿಲಿಲ್ಲದ ಹಾಗೆ. ಅಪ್ಪ ನನ್ನ ಪಾಟಿಯನ್ನು ಗೂಡಿನಲ್ಲಿಟ್ಟು ನನ್ನನ್ನು ಕುಣಿಗಿಳಿಸಿದ. ಕಾಲು ಕೆಳಗಿನ ತುಳಿಯುವ ಹಲಗೆಗೆ ಎಟಕುತ್ತಿರಲಿಲ್ಲ. ಕುಣಿಯ ಅಂಚಿನ ಮೇಲೆ ಕೂರುವುದು ಬಿಟ್ಟು, ಜಾರಿ, ಅರ್ಧ ನೇತಾಡುತ್ತ ಒಂದು ತುದಿಗಾಲಿನಿಂದ ಒಂದು ಹಲಗೆ, ಇನ್ನೊಂದರಿಂದ ಇನ್ನೊಂದು, ಹೀಗೆ ತುಳಿದು ನೇಯ್ದ ಮೊದಲ ಬಟ್ಟೆ ಇದು. ಒಂದು ಕಡೆ ಒಂದೂವರೆ ಮೊಳ ಅಗಲ, ನಡುವೆ ಒಂದು ಮೊಳ, ಮುಂದೆ ಮತ್ತೆ ಉಬ್ಬು. ಇಲಿ ನುಂಗಿದ ಹಾವಿನ ಹಾಗೆ ಕಾಣುತ್ತದೆ. ಅಪ್ಪ ಅದನ್ನು ನೋಡಿ, ಮಡಿಚಿ ನನ್ನ ಕೈಗಿಟ್ಟು, "ಇರಲಿ, ಇಟ್ಟಿರು. ಮುಂದ ಸೊಕ್ಕ ಬಂದಾಗ ತಗದು ನೋಡು," ಎಂದ. ಸೊಕ್ಕು ಬಂತು. ಬಟ್ಟೆ ತೆಗೆದು ನೋಡಲಿಲ್ಲ.

ಸೊಕ್ಕು ಬರಲಾರದೇನು? ಪ್ಲೇಗಿನ ಎರಡನೆಯ ವರ್ಷ ಅಪ್ಪ ತೀರಿಕೊಂಡ ಮೇಲೆ ಮನೆಯನ್ನು ನಡೆಸಿದವನು ನಾನು. ಸಾಲೆ ಕಲಿತ ನನ್ನ ವಾರಿಗೆಯವರು ಬಾಗಲಕೋಟೆಯ ಸ್ಟೇಷನ್ನಿನಲ್ಲೋ ಮಾಮಲೇದಾರರ ಕಚೇರಿಯಲ್ಲೋ ಕೈಕಟ್ಟಿ ನಿಂತಿದ್ದಾಗ, ನಾನು ನೇಯ್ದ ಸೀರೆಯ ಸೆರಗನ್ನು ಹುನಗುಂದ, ಬಾದಾಮಿಯ ಹೆಣ್ಣುಮಕ್ಕಳು ಹಿಡಿದು ನೋಡಿ, "ಇದು ಸಂಗಪ್ಪನ ಕೈ," ಎನ್ನುತ್ತಿದ್ದರು. ದುಡಿದರೆ ಆಗದ್ದಿಲ್ಲ ಎಂಬುದು ನನ್ನ ಲೆಕ್ಕವಾಗಿತ್ತು. ಜ್ವರ ಬಂದರೆ ದುಡಿ, ದುಃಖ ಬಂದರೆ ದುಡಿ. ಈ ಲೆಕ್ಕವೇ ನನ್ನ ತಂಗಿಯ ಕಾಲಿಗೆ ಬಂತು.

ನೀಲವ್ವ ನನ್ನ ಒಬ್ಬಳೇ ತಂಗಿ. ಹದಿನಾರರ ಹುಡುಗಿ. ಮಾಳಿಗೆಯ ಮೇಲೆ ನೂಲು ಒಣಹಾಕಲು ಹೋದವಳು, ಇಳಿಯುವಾಗ ನಿಚ್ಚಣಿಕೆ ಜಾರಿ ಅಂಗಳಕ್ಕೆ ಬಿದ್ದಳು. ಎಡಗಾಲು ಮೊಣಕಾಲ ಕೆಳಗೆ ಮುರಿಯಿತು. ಮುರಿದದ್ದನ್ನು ಕಟ್ಟುವವರು ಬಂದು ಬಿದಿರ ದಬ್ಬೆ ಇಟ್ಟು ಕಟ್ಟಿದರು. ದಿನ ತುಂಬಿದ ಮೇಲೆ ಬಿಚ್ಚಿದರೆ ಎಲುಬು ನೆಟ್ಟಗೆ ಕೂಡಿತ್ತು. ಗಾಡಿ ಕಟ್ಟಿಕೊಂಡು ಬಾಗಲಕೋಟೆಗೆ ಹೋಗಿ ಒಬ್ಬ ಡಾಕ್ಟರರಿಗೂ ತೋರಿಸಿಕೊಂಡು ಬಂದೆ. ಅವರು ಒತ್ತಿ ನೋಡಿ, "ಛಲೋ ಕೂಡೈತಿ. ಇನ್ನ ಕಾಲಿಗೆ ಕೆಲಸಾ ಕೊಡ್ರಿ," ಎಂದರು.

ಕೆಲಸ! ಈ ಮಾತು ನನಗೆ ಯಾರೂ ಎರಡು ಸಲ ಹೇಳಬೇಕಾಗಿರಲಿಲ್ಲ. ಡಾಕ್ಟರರು ಹೇಳಿದ್ದು ನಡೆದಾಡುವ ಕೆಲಸ. ನೇಕಾರನ ತಲೆಗೆ ಕಾಲಿನ ಕೆಲಸವೆಂದರೆ ಒಂದೇ. ಮರುದಿನವೇ ಅಪ್ಪನ ಹಳೆಯ ಮಗ್ಗದ ಧೂಳು ಹೊಡೆದು ನೀಲವ್ವನನ್ನು ಕುಣಿಗಿಳಿಸಿದೆ. "ತುಳಿ, ತಂಗಿ. ತುಳದಷ್ಟೂ ಕಾಲಿಗೆ ಬಲ ಬರತೈತಿ." ಆಕೆ ತುಳಿದಳು. ಮುಂಜಾನೆ ಕೂತರೆ ಹೊತ್ತು ಇಳಿಯುವ ತನಕ ತುಳಿದಳು. ಮೂರು ತಿಂಗಳಲ್ಲಿ ಆಕೆಯ ಕೈ ಎಷ್ಟು ಹಗುರಾಯಿತೆಂದರೆ, ಇಳಕಲ್ ಸೀರೆಯ ಟೋಪತೆನೆ ಸೆರಗಿನಲ್ಲಿ ಸಾಲಾಗಿ ಬರುವ ಹಲ್ಲುಗಳನ್ನು ನನಗಿಂತ ಚೂಪಾಗಿ ನೇಯತೊಡಗಿದಳು. ಸಂಜೆ ಆಕೆಯ ಬಟ್ಟೆ ಬೆಳಕಿಗೆ ಹಿಡಿದು ನೋಡಿ ನಾನು ಮೀಸೆಯಲ್ಲೇ ನಗುತ್ತಿದ್ದೆ.

ಆದರೆ ಕುಣಿಯಿಂದ ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಕುಂಟು. ತಿಂಗಳಿಂದ ತಿಂಗಳಿಗೆ ಕಡಿಮೆಯಾಗುವ ಬದಲು ಹೆಚ್ಚು. ಮಗ್ಗದ ಮೇಲೆ ರಾಣಿ, ನೆಲದ ಮೇಲೆ ಕುಂಟಿ. ಅವ್ವ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಅಳುವುದಕ್ಕೆ ಕಾರಣವಿತ್ತು. ಆಗ ನಮ್ಮ ಕಡೆ ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಹಾಡಿಸುವುದಕ್ಕಿಂತ ಮೊದಲು ನಡೆಸಿ ನೋಡುತ್ತಿದ್ದರು. "ನಾಕ ಹೆಜ್ಜಿ ನಡಿ ತಂಗಿ," ಎನ್ನುವರು. ಹುಡುಗಿ ಒಳಬಾಗಿಲಿನಿಂದ ಹೊರಬಾಗಿಲಿಗೆ ಹೋಗಿ ತಿರುಗಿ ಬರಬೇಕು. ಆ ನಾಲ್ಕು ಹೆಜ್ಜೆಯಲ್ಲಿ ಆಕೆಯ ಇಡೀ ಬಾಳು ಅತ್ತಲೋ ಇತ್ತಲೋ ಆಗುತ್ತಿತ್ತು. ಈಗಾಗಲೇ ಎರಡು ಮನೆತನದವರು ನಾಲ್ಕು ಹೆಜ್ಜೆ ನೋಡಿ, ಅವಲಕ್ಕಿ ತಿಂದು, ಎದ್ದು ಹೋಗಿದ್ದರು. ಎರಡನೆಯವರು ಹೋದ ಮೇಲೆ ನೀಲವ್ವ ತಾಟು ತೆಗೆಯುತ್ತ, "ಅವಲಕ್ಕಿ ಮಾತ್ರ ಛಲೋ ಆಗಿತ್ತು ಅಂತ ಕಾಣತೈತಿ, ಒಂದ ಕಾಳ ಬಿಟ್ಟಿಲ್ಲ," ಎಂದಳು. ನಾನು, ಅವ್ವ ಇಬ್ಬರೂ ನಗಲಿಲ್ಲ.

ಹುನಗುಂದದ ಸಂತೆಗೆ ನಾನು ಸೀರೆಯ ಗಂಟು ಹೊತ್ತು ಏಳೆಂಟು ಮೈಲಿ ನಡೆದು ಹೋಗುತ್ತಿದ್ದೆ. ಸಂತೆಯ ಅಂಚಿನಲ್ಲಿ ಒಂದು ದೊಡ್ಡ ಬೇವಿನ ಮರ. ಅದರ ಕೆಳಗೆ ಮೌಲಾಸಾಬ. ಎತ್ತು ಕುದುರೆಗಳಿಗೆ ನಾಲ ಹೊಡೆಯುವುದು ಅವನ ಮನೆತನದ ಕೆಲಸ. ಅರವತ್ತರ ಹತ್ತಿರದ ಮನುಷ್ಯ, ಬಿಳಿ ಗಡ್ಡ, ಬಲ ಮೊಣಕಾಲಿಗೆ ಯಾವುದೋ ಹೋರಿ ಒದ್ದ ಗುರುತು. ಎತ್ತು ತಂದ ಕೂಡಲೇ ಅದನ್ನು ಕೆಡವಿ ಕಾಲು ಕಟ್ಟಿ ಮೊಳೆ ಬಡಿಯುವವನಲ್ಲ. ಮರದ ಮುಂದೆ ಒಂದಿಷ್ಟು ನೆಲವನ್ನು ನೀರು ಚಿಮುಕಿಸಿ ನುಣ್ಣಗೆ ಬಳಿದಿಟ್ಟಿರುತ್ತಿದ್ದ. ಎತ್ತನ್ನು ಅದರ ಮೇಲೆ ಒಂದು ಸಲ ನಡೆಸುತ್ತಿದ್ದ. ಅವನು ಎತ್ತನ್ನು ನೋಡುತ್ತಿರಲಿಲ್ಲ. ಅದು ದಾಟಿದ ಮೇಲೆ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತಿದ್ದ.

ಒಂದು ಸಂತೆಯ ದಿನ ಒಬ್ಬ ರೈತ, "ಸಾಹೇಬರ, ಮುಂದಿನ ಬಲಗಾಲು ಹೋಗೇತಿ, ಅದಕ್ಕೊಂದು ಗಟ್ಟಿ ನಾಲ ಹೊಡೀರಿ," ಎಂದ. ಮೌಲಾಸಾಬ ನೆಲ ನೋಡಿ ಕೇಳಿದ, "ಕಪಲಿ ಹೊಡಿಯೋ ಎತ್ತಲ್ಲೇನಿದು? ಬಾವಿ ನೀರು ಎಳಿಯೋದು?"

"ಹೌದ್ರಿ. ನಿಮಗ್ಹೆಂಗ ಗೊತ್ತಾತು?"

"ದಿನಾ ಇಳಿಜಾರಿನ್ಯಾಗ ತುದಿ ಊರಿ ಊರಿ ಜಗ್ಗತೈತಿ. ಸಪಾಟ ನೆಲದ ಮ್ಯಾಲೂ ಹಂಗ ಊರಾಕತ್ತೈತಿ. ಬ್ಯಾನಿ ಕಾಲಾಗಿಲ್ಲೋ ತಮ್ಮಾ, ಕೆಲಸದಾಗೈತಿ. ಹದಿನೈದ ದಿನಾ ಬಾವಿ ಬಿಡಸು. ನಾಲ ಆಮ್ಯಾಲ."

ಸೀರೆಯ ಗಂಟು ಹೊತ್ತು ನಿಂತಿದ್ದ ನನಗೆ ನೀಲವ್ವನ ಕಾಲು ನೆನಪಾಯಿತು. ಕೇಳೋಣ ಎಂದುಕೊಂಡೆ. ಆದರೆ ಇಳಕಲ್ಲಿನ ಸಂಗಪ್ಪ ತನ್ನ ತಂಗಿಯ ಕಾಲಿನ ವಿಷಯ ಎತ್ತಿಗೆ ನಾಲ ಹೊಡೆಯುವವನ ಹತ್ತಿರ ಹೇಗೆ ಎತ್ತುವುದು? ಆ ಸಂತೆ ಹೋಯಿತು. ಮುಂದಿನ ಸಂತೆಗೆ ಹೋಗಿ ಮಳೆಯ ಮಾತಾಡಿ ಬಂದೆ. ಅದರ ಮುಂದಿನ ಸಂತೆಗೆ ಜೋಳದ ಮಾತಾಡಿದೆ. ಕಡೆಗೆ ಅವನೇ ಕೇಳಿದ.

"ಏನಪಾ ನೇಕಾರ, ಮೂರ ಸಂತಿ ಆತು, ಬರ್ತಿ, ಕುಂದರ್ತಿ, ಹೋಗ್ತಿ. ನಿನ್ನ ಮಗ್ಗಕ್ಕ ನಾಲ ಹೊಡಿಬೇಕೇನು?"

ಕೂತಿದ್ದ ರೈತರು ನಕ್ಕರು. ನಾನು ಮಾನ ಉಳಿಸಿಕೊಳ್ಳಲು ಒಂದು ಉಪಾಯ ಹೂಡಿದೆ. "ಒಂದು ಹೆಣ್ಣಕರಾ ಐತ್ರಿ ಕಾಕಾ, ಮನ್ಯಾಗ. ಕಾಲು ಮುರದಿತ್ತು. ಕೂಡೇತಿ. ಆದರ ಕುಂಟತೈತಿ."

"ಎಷ್ಟ ಹಲ್ಲಾಗ್ಯಾವು?"

ದನದ ವಯಸ್ಸನ್ನು ಹಲ್ಲಿನಿಂದ ಹೇಳುವುದು ವಾಡಿಕೆ. ಎರಡು ಹಲ್ಲು, ನಾಲ್ಕು, ಆರು. ಎಂಟಾದರೆ ಬಾಯಿ ತುಂಬಿತು. ಇದು ಮೂರು ವರ್ಷದ ಕೂಸಿಗೂ ಗೊತ್ತು. ನನ್ನ ಕಣ್ಣ ಮುಂದಿದ್ದುದು ನೀಲವ್ವ. ವಯಸ್ಸು ಕೇಳಿದ್ದಾನೆಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಹದಿನಾರು."

ಮೌಲಾಸಾಬನ ಸುತ್ತಿಗೆ ನಿಂತಿತು. "ಹದಿನಾರ ಹಲ್ಲು! ಲೇ ತಮ್ಮಾ, ಅದು ಕರಾನೋ ಮೊಸಳಿನೋ?"

ಬೇವಿನ ಮರದ ಕೆಳಗಿನ ನಗೆಗೆ ಕಾಗೆಗಳು ಎದ್ದು ಹಾರಿದವು. ನನ್ನ ಮುಖ ನಾನು ಹೊತ್ತ ಸೀರೆಯ ದಡಿಯಷ್ಟು ಕೆಂಪಾಗಿರಬೇಕು. ಅವನು ಮಾತ್ರ ನಗುವುದನ್ನು ಬೇಗ ನಿಲ್ಲಿಸಿದ. ಕೈಯಲ್ಲಿದ್ದ ಎತ್ತನ್ನು ಮುಗಿಸಿ, ಜನರನ್ನು ಕಳಿಸಿ, ನನ್ನ ಪಕ್ಕದಲ್ಲಿ ಬಂದು ಕೂತು ಮೆಲ್ಲಗೆ ಕೇಳಿದ, "ತಂಗಿಯೇನು?"

"ಹೂನ್ರಿ."

"ಅದನ್ನ ಮೊದಲ ಹೇಳಬಾರದೇನೋ ಹುಚ್ಚಪ್ಯಾ. ನಾನೂ ಮೂರ ಹೆಣ್ಣಮಕ್ಕಳ ತಂದಿ." ಸ್ವಲ್ಪ ಯೋಚಿಸಿ ಹೇಳಿದ, "ಲಗ್ನಕ್ಕ ಬಂದ ಹೆಣ್ಣಮಗಳನ್ನ ಸಂತ್ಯಾಗ ತಂದು ನನ್ನ ಮುಂದ ನಡಸಬ್ಯಾಡ. ಆಕಿಗೂ ಛಲೋ ಅಲ್ಲ, ನನಗೂ ಛಲೋ ಅಲ್ಲ. ನನಗ ಆಕಿ ಬ್ಯಾಡ. ನೆಲಾ ತಗೊಂಡ ಬಾ."

ನೆಲವನ್ನು ಹೇಗೆ ತರುವುದು? ಇಳಕಲ್ಲಿನವರೆಗೂ ಇದನ್ನೇ ಯೋಚಿಸುತ್ತ ನಡೆದೆ. ಕೆಸರಿನ ಹೆಂಟೆ ಕಿತ್ತು ಬುಟ್ಟಿಯಲ್ಲಿ ಒಯ್ಯಲೇ? ಮನೆ ಮುಟ್ಟಿದಾಗ ಅವ್ವ ನೂಲಿಗೆ ಬಣ್ಣ ಹಾಕುವ ಗಡಿಗೆ ತೊಳೆಯುತ್ತಿದ್ದಳು. ಅಂಗಳದ ಕಲ್ಲಿನ ಮೇಲೆ ಆಕೆಯ ಕೆಂಪು ಹೆಜ್ಜೆಗಳು ಮೂಡಿದ್ದವು. ಓಡಿ ಹೋಗಿ ಪೆಟ್ಟಿಗೆಯಿಂದ ನನ್ನ ಇಲಿ ನುಂಗಿದ ಹಾವನ್ನು ತೆಗೆದೆ. ಮಾರಲಾರದ ಬಟ್ಟೆ ಅದೊಂದೇ ಇತ್ತು. ಪಡಸಾಲೆಯಲ್ಲಿ ಹಾಸಿ, ನೀಲವ್ವನ ಪಾದಕ್ಕೆ ಗಡಿಗೆಯ ತಳದ ಕೆಂಪು ಹಚ್ಚಿ, "ನಡಿ," ಎಂದೆ.

"ಯಾರ ಮನಿ ತುಂಬಸಾಕತ್ತೀಯೋ ಅಣ್ಣಾ ನನ್ನ?" ಎಂದು ನಕ್ಕಳು. ನಡೆಯುವಾಗ ನಗಲಿಲ್ಲ.

ಮುಂದಿನ ಸಂತೆಗೆ ಬಟ್ಟೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದೆ. ಮೌಲಾಸಾಬ ಮರದ ಹಿಂದೆ, ಯಾರೂ ಕಾಣದ ಕಡೆ ಅದನ್ನು ಹಾಸಿದ. ಹೆಜ್ಜೆಗಿಂತ ಮೊದಲು ಬಟ್ಟೆಯ ಅಂಚಿನ ಮೇಲೆ ಬೆರಳೆಳೆದ.

"ಇದನ್ನ ಯಾರು ನೇದಾರ?"

"ನಾನರಿ. ಸಣ್ಣಾಂವಿದ್ದಾಗ."

"ಮೊದಲ ಬಟ್ಟಿನ ಕುಂಟಾಕತ್ತೈತಿ. ಹುಡುಗಿ ಆಮ್ಯಾಲ ನೋಡೋಣ."

ಅಪ್ಪ ಹೇಳಿದ ಸೊಕ್ಕಿನ ಮಾತು ಆ ಮರದ ಬುಡದಲ್ಲಿ ನೆನಪಾಯಿತು.

ಆಮೇಲೆ ಅವನು ಓದಿದ. ಹೌದು, ಓದಿದ ಎಂದೇ ಹೇಳಬೇಕು. ಅಕ್ಷರ ಬಾರದ ಆ ಮನುಷ್ಯ ಆ ಬಟ್ಟೆಯನ್ನು ನಮ್ಮ ಸಾಲೆಯ ಮಾಸ್ತರರು ಕಾಗದ ಓದಿದ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ತುಟಿ ಅಲ್ಲಾಡಿಸುತ್ತ ಓದಿದ. ಗೇಣು ಹಾಕಿ ಅಳೆದ. "ಇಲ್ಲಿ ನೋಡು. ಬಲಗಾಲಿಂದ ಎಡಗಾಲಿಗೆ ಎರಡೂವರಿ ಗೇಣು. ಎಡಗಾಲಿಂದ ಬಲಗಾಲಿಗೆ ಒಂದೂವರಿ. ಮುರದ ಕಾಲು ದೂರ ಇಟ್ಟಾಳ, ಛಲೋ ಕಾಲು ಹತ್ರ ಇಟ್ಟಾಳ. ಯಾಕ ಹೇಳು?"

"ಛಲೋ ಕಾಲು ಸೋತೈತೇನ್ರಿ?"

"ಅದು ಸೋಲಾಂಗಿಲ್ಲ. ಎಡಗಾಲಿನ ಮ್ಯಾಲ ಒಂದ ಗಳಿಗಿ ನಿಂದ್ರಾಕ ಆಗವಲ್ದು ಆಕಿಗೆ. ಅದಕ್ಕ ಬಲಗಾಲನ್ನ ಲಗೂನ ಇಳಸಾಕತ್ತಾಳ. ಯಾಕ ನಿಂದ್ರಾಕ ಆಗವಲ್ದು? ಹಿಮ್ಮಡ ನೆಲಾ ಮುಟ್ಟವಲ್ದು. ಬರೇ ಬೆರಳಿನ ಬುಡದ ಮ್ಯಾಲ ನಿಂದ್ರತಾಳ. ಇಲ್ಲಿ ಬಣ್ಣಾ ಹೆಂಗ ಒತ್ತಿ ಹತ್ತೇತಿ ನೋಡು." ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದ. "ಈಕಿ ಏನರ ತುಳಿತಾಳೇನು?"

ಕಪಲಿಯ ಎತ್ತು ಕಣ್ಣ ಮುಂದೆ ಬಂತು. "ಮಗ್ಗರಿ," ಎಂದೆ.

"ಎಷ್ಟ ದಿನಾತು?"

"ಮೂರ ತಿಂಗಳು. ನಾನ ಕುಂದರಿಸೀನ್ರಿ. ಬಲ ಬರಲಿ ಅಂತ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಟ್ಟೆಯನ್ನು ಮೆಲ್ಲಗೆ ಸುತ್ತುತ್ತ ಹೇಳಿದ, "ಬಲ ಬಂದೈತಪಾ. ಕೆಳಗ ಒತ್ತೋ ಬಲ ಬಂದೈತಿ. ಕಟ್ಟು ಬಿಚ್ಚಿದ ಹಸೀ ಕಾಲು ನೀ ಏನ ಕಲಸಿದಿ ಅದನ್ನ ಕಲತೈತಿ. ಮೀನಗಂಡ ಬಿಗದು ಹಿಮ್ಮಡ ಮ್ಯಾಲ ಜಗ್ಗಿ ಹಿಡದೈತಿ. ಕಾಲು ನೇಯಾಕತ್ತೈತಿ, ನಡಿಯಾಕತ್ತಿಲ್ಲ. ಮಗ್ಗ ಬಿಡಸು."

ಮನೆಗೆ ಬಂದಾಗ ನೀಲವ್ವ ಕುಣಿಯಲ್ಲಿದ್ದಳು. "ಏಳು," ಎಂದೆ.

"ಸೆರಗ ಅರ್ಧ ಆಗೇತಿ ಅಣ್ಣಾ."

"ಇರಲಿ. ಏಳು. ಇನ್ನ ಮ್ಯಾಲ ಕುಂದರಬ್ಯಾಡ." ಎಲ್ಲವನ್ನೂ ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ಆಕೆ ಹಲಗೆಯ ಮೇಲಿನ ಕಾಲನ್ನೇ ನೋಡುತ್ತ, "ಕಾಲು ಬಿಗಿಯಾಗತಿತ್ತು. ಹೇಳಬೇಕಂತಿದ್ದೆ," ಎಂದಳು.

"ಮತ್ಯಾಕ ಹೇಳಲಿಲ್ಲ?"

"ನೀ ದಿನಾ ಸಂಜಿಗೆ ಬಂದು ನನ್ನ ಬಟ್ಟಿ ನೋಡಿ ನಗತಿದ್ದಿ. ಅಪ್ಪ ಹೋದ ಮ್ಯಾಲ ನೀ ನಕ್ಕದ್ದ ನೋಡಿರಲಿಲ್ಲ."

ನಾನು ಹೊರಗೆ ಹೋಗಿ ಎಮ್ಮೆಗೆ ಎರಡನೆಯ ಸಲ ನೀರಿಟ್ಟೆ. ಅದು ಕುಡಿಯಲಿಲ್ಲ.

ಅಲ್ಲಿಂದ ಶುರುವಾಯಿತು ಮೌಲಾಸಾಬನ ಸಾಲೆ. ಮಾಸ್ತರ ಹುನಗುಂದದಲ್ಲಿ, ವಿದ್ಯಾರ್ಥಿನಿ ಇಳಕಲ್ಲಿನಲ್ಲಿ, ನಡುವೆ ಹೆಜ್ಜೆಯ ಟಪಾಲು ಹೊರುವ ನಾನು. ಬಿಸಿ ಹರಳೆಣ್ಣೆಯಿಂದ ಮೀನಖಂಡವನ್ನು ಅವ್ವ ತಿಕ್ಕಬೇಕು. ಆಮೇಲೆ ಗೋಡೆಗೆ ಎರಡೂ ಕೈ ಕೊಟ್ಟು, ಎಡಗಾಲು ಹಿಂದೆ ಇಟ್ಟು, ಹಿಮ್ಮಡಿ ಏಳಗೊಡದೆ ಗೋಡೆಯ ಕಡೆ ಬಾಗಬೇಕು. ಹೊಸಬರು ಯಾರಾದರೂ ನೋಡಿದರೆ ಹುಡುಗಿ ಗೋಡೆ ನೂಕುತ್ತಿದ್ದಾಳೆ ಅನ್ನಬೇಕು. ಮುಂಜಾನೆ ಹಳ್ಳದ ಹಸಿ ಉಸುಕಿನಲ್ಲಿ ಹಿಮ್ಮಡಿ ಮೊದಲು, ಬೆರಳು ಕಡೆಗೆ, ಅವಸರವಿಲ್ಲದೆ ನಡೆಯಬೇಕು. ಹಿಂತಿರುಗಿ ತನ್ನ ಹೆಜ್ಜೆ ತಾನೇ ನೋಡಬೇಕು. ಇನ್ನೊಂದು ಕಟ್ಟಳೆ ನನಗೆ: "ಆಕಿ ನಡಿಯುವಾಗ ನೀವು ಯಾರೂ ಕಾಲು ನೋಡಬ್ಯಾಡ್ರಿ. ಮಂದಿ ನೋಡಿದರ ಛಲೋ ಕಾಲೂ ಕುಂಟತೈತಿ."

ಪ್ರತಿ ಸಂತೆಗೆ ಹೊಸ ಹೆಜ್ಜೆ ಬೇಕು. ಮೊದಲ ಸಾಲು ಪಕ್ಕಾ ಬಣ್ಣದ್ದಾದ್ದರಿಂದ ಎಷ್ಟು ಒಗೆದರೂ ಹೋಗಲಿಲ್ಲ. ಆದ್ದರಿಂದ ಅದರ ಪಕ್ಕದಲ್ಲಿ ಕೆಮ್ಮಣ್ಣಿನ ನೀರು ಹಚ್ಚಿ ನಡೆಸುತ್ತಿದ್ದೆವು. ಮೌಲಾಸಾಬ ಓದುವನು, ಅವ್ವ ಒಗೆಯುವಳು. ದಾರಿಯಲ್ಲಿ ಕೇಳಿದವರಿಗೆಲ್ಲ ಒಂದೊಂದು ಸುಳ್ಳು ಹೇಳಿದ್ದೇನೆ. ಒಬ್ಬ ಜಂಗಮರಿಗೆ ಇದು ದೇವಿಯ ಪಾದ ಎಂದೆ, ಅವರು ಕೈಮುಗಿದರು.

ಈ ಓಡಾಟದಲ್ಲಿ ನನಗೊಂದು ಚಟ ಹತ್ತಿತು. ಇವತ್ತಿಗೂ ಬಿಟ್ಟಿಲ್ಲ. ಮನುಷ್ಯರ ಮುಖಕ್ಕಿಂತ ಮೊದಲು ಕಾಲು ನೋಡುವುದು. ಬಾಗಲಕೋಟೆಯ ಸ್ಟೇಷನ್ನಿನ ಹಮಾಲರು ಹೊರೆಯಿಲ್ಲದಾಗಲೂ ಮೊಣಕಾಲು ಸ್ವಲ್ಪ ಬಗ್ಗಿಸಿಯೇ ನಡೆಯುತ್ತಾರೆ. ಬಾದಾಮಿಯ ಕೆರೆಯ ಮೆಟ್ಟಿಲು ಇಳಿದು ಹತ್ತಿ ನೀರು ತರುವ ಹೆಂಗಸರು ಸಪಾಟಾದ ಬೀದಿಯಲ್ಲೂ ಒಂದು ಪಕ್ಕ ಓರೆ. ಮಹಾಕೂಟದ ಹೊಂಡದಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲಿ ಗುಡಿಗೆ ಹೋಗುವವರು ಎಂಥ ಸಾವುಕಾರರಾದರೂ ಒಂದೇ ತರಹ, ಬೆರಳುಗಳಿಂದ ಕಲ್ಲನ್ನು ಕೇಳಿ ಕೇಳಿ ಹೆಜ್ಜೆ ಇಡುತ್ತಾರೆ. ನಮ್ಮ ನೇಕಾರರಂತೂ ಕೇಳಲೇಬೇಡಿ. ಹತ್ತು ಜನ ಸಾಲಾಗಿ ನಡೆದರೆ ಬಾತುಕೋಳಿಗಳು ಹಳ್ಳಕ್ಕೆ ಹೊರಟ ಹಾಗೆ. ನಾನು ಹೇಗೆ ನಡೆಯುತ್ತೇನೆಂದು ಒಮ್ಮೆ ಮೌಲಾಸಾಬನನ್ನು ಕೇಳಿದೆ. "ಸೊಕ್ಕಿನಿಂದ," ಎಂದ. "ಎರಡೂ ಹಿಮ್ಮಡ ನೆಲಕ್ಕ ಬಡಕೋತ ಹೋಗ್ತಿ. ಸ್ವಲ್ಪ ತಂಗಿಗೆ ಕೊಡು."

ನಾಲ್ಕನೆಯ ಸಂತೆಗೆ ಬಟ್ಟೆಯ ಮೇಲೆ ಎಡ ಹಿಮ್ಮಡಿಯ ಜಾಗದಲ್ಲಿ ಗುಲಗಂಜಿಯಷ್ಟು ಕೆಂಪು ಕಂಡಿತು. ಮೌಲಾಸಾಬ ಅದರ ಮೇಲೆ ಬೆರಳಿಟ್ಟು, "ಚಂದ್ರ ಕಂಡ," ಎಂದ. ಎಂಟನೆಯದಕ್ಕೆ ಅದು ಅಡಿಕೆಯಷ್ಟಾಯಿತು. ಆದರೆ ಕುಂಟು ಪೂರ್ತಿ ಹೋಗಿರಲಿಲ್ಲ. ಆಗಲೇ ಬಾದಾಮಿಯ ಒಂದು ನೇಕಾರರ ಮನೆಯಿಂದ, ಮುಂದಿನ ಸೋಮವಾರ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು.

ನಾನು ಹುನಗುಂದಕ್ಕೆ ಓಡಿದೆ. "ಇನ್ನೆರಡ ತಿಂಗಳು ಬೇಕು," ಎಂದ ಮೌಲಾಸಾಬ. ನನ್ನ ಮುಖ ನೋಡಿ, ನಗಿಸಬೇಕೆಂದು ಒಂದು ಕಥೆ ಹೇಳಿದ. ದನದ ಪೇಟೆಯಲ್ಲಿ ಕುಂಟು ಎತ್ತು ಮಾರುವ ದಲಾಲರು ಒಂದು ಆಟ ಹೂಡುತ್ತಾರಂತೆ. ಒಳ್ಳೆಯ ಕಾಲಿನ ಗೊರಸಿನ ಸಂದಿಯಲ್ಲೂ ಒಂದು ಹರಳು ಸಿಕ್ಕಿಸುತ್ತಾರೆ. ಎರಡೂ ಕಾಲು ಕುಂಟಿದರೆ ನಡಿಗೆ ಸಮವಾಗಿ ಕಾಣುತ್ತದೆ. ಕೊಂಡವನಿಗೆ ಮನೆಗೆ ಹೋದ ಮೇಲೆ ಗೊತ್ತಾಗುತ್ತದೆ. ಅವನು ನಕ್ಕ. ನಾನು ನಗಲಿಲ್ಲ. ನನ್ನ ತಲೆಯಲ್ಲಿ ಹರಳು ಸಿಕ್ಕಿಬಿಟ್ಟಿತ್ತು.

ಸೋಮವಾರ ಮುಂಜಾನೆ ನೀಲವ್ವನಿಗೆ ಹೇಳಿದೆ, "ತುಂಬಿದ ಕೊಡ ನಡಕ್ಕ ಇಟ್ಕೊಂಡು ಹೊರಗಿಂದ ಒಳಗ ಬಾ. ತುಂಬಿದ ಕೊಡ ಹೊತ್ತಾಕಿ ಎಲ್ಲಾರೂ ವಾಲಿಕೊಂಡ ನಡೀತಾರ. ಕಾಲಿನ ಕುಂಟು ಕೊಡದ ಲೆಕ್ಕಕ್ಕ ಹೋಗತೈತಿ." ಆಕೆ ನನ್ನನ್ನು ಒಂದು ಗಳಿಗೆ ನೋಡಿದಳು. ಕೊಡ ಎತ್ತಿಕೊಂಡು ನೀರಿಗೆ ಹೋದಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಬಂದವರು ಹುಡುಗ, ಅವನ ತಂದೆ, ಮತ್ತು ಅಜ್ಜಿ. ಅಜ್ಜಿ ಎಂದರೆ ಒಣ ಮೆಣಸಿನಕಾಯಿಯಂಥ ಮುದುಕಿ. ಅವಲಕ್ಕಿ ತಿಂದು ಮಾತು ಶುರುವಾಗುತ್ತಿದ್ದಂತೆ ನೀಲವ್ವ ತುಂಬಿದ ಕೊಡ ಹೊತ್ತು ಹೊಸ್ತಿಲಿಗೆ ಬಂದಳು. ಆಕೆ ಹೊಸ್ತಿಲ ಈಚೆ ನಿಂತು, ಕೊಡವನ್ನು ಮೆಲ್ಲಗೆ ನೆಲಕ್ಕಿಳಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು. ಆಮೇಲೆ ಬರಿಗೈಯಲ್ಲಿ, ಎಲ್ಲರ ಮುಂದೆ, ಗೋಡೆಯವರೆಗೆ ನಡೆದು ತಿರುಗಿ ಬಂದಳು. ಹಿಮ್ಮಡಿ ಮೊದಲು, ಬೆರಳು ಕಡೆಗೆ. ಸ್ವಲ್ಪ ಕುಂಟು ಇತ್ತು.

ಅಜ್ಜಿ ಕೇಳಿದಳು, "ಎಡಗಾಲಿಗೆ ಏನಾಗೇತಿ ತಂಗಿ?"

"ಮುರದಿತ್ತರಿ ಅಮ್ಮಾರ. ಕೂಡೇತಿ. ಈಗ ನಡಿಯೋದು ಕಲಿಯಾಕತ್ತೇನಿ. ಭಾಳ ಸುಧಾರಸೇತಿ. ಇನ್ನೊಂದ ಸಲ ನಡದ ತೋರಸ್ಲೇನ್ರಿ?"

ನಾನು ಕಣ್ಣು ಕೆಳಗೆ ಹಾಕಿದೆ. ಅವಲಕ್ಕಿಯ ತಾಟುಗಳು ಬರಿದಾಗಿದ್ದವು. ಇನ್ನು ಏಳುತ್ತಾರೆ ಎಂದುಕೊಂಡೆ. ಅಜ್ಜಿ ಏಳಲಿಲ್ಲ, ಮೊಮ್ಮಗನ ಬೆನ್ನಿಗೆ ಕೋಲಿನಿಂದ ತಿವಿದಳು. "ಏಳಲೇ. ನೀನೂ ನಡಿ."

"ನಾನ್ಯಾಕ ಆಯೀ?"

"ಹತ್ತ ವರ್ಷದಾಂವ ಇದ್ದಾಗಿಂದ ಕುಣ್ಯಾಗ ಕುಂತೀದಿ. ನಿನ್ನ ನಡಿಗಿ ಯಾರ ನೋಡ್ಯಾರ? ನಡಿ, ಆಕಿನೂ ನೋಡಲಿ."

ಹುಡುಗ ಎದ್ದ. ಕಿವಿಯವರೆಗೆ ಕೆಂಪಾಗಿ ಗೋಡೆಯ ತನಕ ಹೋಗಿ ಬಂದ. ಬಾತುಕೋಳಿ, ಖರೆ ಬಾತುಕೋಳಿ. ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಡುಗನೂ ನಕ್ಕುಬಿಟ್ಟ. ಅಜ್ಜಿ ನಮ್ಮವ್ವನ ಕಡೆ ತಿರುಗಿ, "ಇಬ್ಬರದೂ ಕೂಡಿದರ ಒಂದ ನೆಟ್ಟಗಿನ ನಡಿಗಿ ಆಗತೈತಿ, ಏನಂತೀರಿ ಬೀಗತಿ?" ಎಂದಳು. ಅವ್ವ ಬಹಳ ದಿನದ ಮೇಲೆ ಸಂತೋಷಕ್ಕೆ ಅತ್ತಳು. ಹೊಸ್ತಿಲಲ್ಲಿದ್ದ ಕೊಡವನ್ನು ನಾನೇ ಎತ್ತಿ ಒಳಗಿಟ್ಟೆ. ಭಾರವಾಗಿತ್ತು.

ಮೌಲಾಸಾಬ ಕೇಳಿದ ಎರಡು ತಿಂಗಳು ತುಂಬಿದ ಮೇಲೆ ಲಗ್ನ ನಮ್ಮ ಮನೆಯಲ್ಲೇ ಆಯಿತು. ಹೊರಡುವ ದಿನ ಮುಂಜಾನೆ ನೀಲವ್ವ, ಯಾರೂ ಹೇಳದೆ, ಪಡಸಾಲೆಯಲ್ಲಿ ಈ ಬಟ್ಟೆ ಹಾಸಿ, ಪಾದಕ್ಕೆ ಗಡಿಗೆಯ ಪಕ್ಕಾ ಕೆಂಪು ಹಚ್ಚಿಕೊಂಡು, ಹಳೆಯ ಸಾಲಿನ ಪಕ್ಕದಲ್ಲಿ ನಡೆದಳು. "ಕಾಕಾಗ ತೋರಸು," ಎಂದು ಸುತ್ತಿ ನನ್ನ ಕೈಗಿಟ್ಟಳು. ಸೊಸೆ ಕಂಡ ಎರಡನೆಯ ಹೆಂಗಸು ಈಕೆ. ಈ ಸಾಲಿನಲ್ಲಿ ಎರಡು ಹಿಮ್ಮಡಿಗಳೂ ಇವೆ.

ಗಾಡಿ ಬಾದಾಮಿಗೆ ಹುನಗುಂದದ ಮೇಲೆಯೇ ಹೋಗಬೇಕು. ಬೇವಿನ ಮರ ಕಾಣುತ್ತಲೇ ನಾನು ಬಟ್ಟೆ ಹಿಡಿದು ಇಳಿದೆ. ಹಿಂದಿನಿಂದ, "ನೆಲಾ ಓದೋ ಕಾಕಾ ಇವರೇನಣ್ಣಾ?" ಎಂದು ಕೇಳಿ, ನಾನು ಬೇಡವೆನ್ನುವುದರೊಳಗೆ ನೀಲವ್ವನೂ ಇಳಿದಳು. ಗಂಡ ಗಾಡಿಯಿಂದಲೇ ನೋಡುತ್ತಿದ್ದ. ಸಂತೆಯ ದಿನವಲ್ಲ, ಒಂದಿಬ್ಬರು ರೈತರು ಮಾತ್ರ ಎತ್ತು ಹಿಡಿದು ನಿಂತಿದ್ದರು. ಹೊಸ ಸೀರೆಯ ಮದುಮಗಳು ತನ್ನ ಕಡೆ ಬರುವುದನ್ನು ಕಂಡು ಮೌಲಾಸಾಬ ಯಾರೆಂದು ತಿಳಿದ. ತಿಳಿದವನೇ ಎದ್ದು, ಕಣ್ಣು ಕೆಳಗೆ ಮಾಡಿ, ಮರದ ಕಡೆ ಮುಖ ತಿರುಗಿಸಿ ನಿಂತ. ನೀಲವ್ವ ಅವನು ಬಳಿದಿಟ್ಟ ಹಸಿ ನೆಲದ ಮೇಲೆ ಆ ತುದಿಯಿಂದ ಈ ತುದಿಗೆ ನಡೆದಳು, ತಿರುಗಿ ನಡೆದಳು. ಅವನ ಬೆನ್ನಿಗೆ ಕೈ ಮುಗಿದಳು. ಗಾಡಿ ಹತ್ತಿದಳು.

ಗಾಡಿಯನ್ನು ಮುಂದೆ ಹೋಗಗೊಟ್ಟು ನಾನು ಅಲ್ಲೇ ನಿಂತೆ. ಮೌಲಾಸಾಬ ತಿರುಗಿದ. ನಾನು ಬಟ್ಟೆ ಬಿಚ್ಚಹೋದೆ, ಬೇಡವೆಂದು ಕೈಯಾಡಿಸಿದ. ನೋಯುವ ಮೊಣಕಾಲು ಮಡಿಸಿ ಕೂತ. ಗೇಣು ಹಾಕಲಿಲ್ಲ, ತುಟಿ ಅಲ್ಲಾಡಿಸಲಿಲ್ಲ. ಎಡ ಹಿಮ್ಮಡಿಯ ಗುರುತಿನ ಮೇಲೆ, ಕೂಸಿನ ತಲೆಯ ಮೇಲಿಡುವ ಹಾಗೆ, ಅಂಗೈ ಇಟ್ಟ.

"ಬಂದೈತಿ," ಎಂದ.

ಆಗ ಹಿಂದೆ ಕಾಯುತ್ತಿದ್ದ ರೈತ ತನ್ನ ಎತ್ತನ್ನು ಆ ನೆಲದ ಕಡೆ ಹೊಡೆದ. ಮೌಲಾಸಾಬ ಕೂತಲ್ಲಿಂದಲೇ ಕೈ ಎತ್ತಿ ತಡೆದ.

"ಇಲ್ಲಿ ಬ್ಯಾಡ. ಇವತ್ತ ಆ ಕಡಿಯಿಂದ ಬಾ."

ರೈತ ಗೊಣಗುತ್ತ ಎತ್ತನ್ನು ಬೇವಿನ ಮರ ಸುತ್ತು ಹಾಕಿಸಿ ಆ ಕಡೆಯಿಂದ ತಂದ.